ಪಿಂಗಾಣಿಗಾಗಿ ತೋಡಿದ ಗಣಿಯಲ್ಲಿ ಆವರ್ತಕ ಕೋಷ್ಟಕದ ಅರ್ಧ ಸಾಲು: ಯಿಟರ್ಬಿಯ ಖನಿಜಗಳು, ಮಾಗಡಿಯ ಕಪ್ಪು ಕಲ್ಲು

ಪ್ರಶ್ನೆ: ನಾನು ಬಸವನಗುಡಿಯ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಯಿಟ್ರಿಯಂ, ಟರ್ಬಿಯಂ, ಎರ್ಬಿಯಂ, ಯಿಟರ್ಬಿಯಂ ಈ ನಾಲ್ಕಕ್ಕೂ ಸ್ವೀಡನ್ನಿನ ಯಿಟರ್ಬಿ ಎಂಬ ಒಂದೇ ಹಳ್ಳಿಯಿಂದ ಹೆಸರು ಬಂತು ಎಂದು ಪ್ರತಿ ವರ್ಷ ಹೇಳುತ್ತೇನೆ. ಒಂದೇ ಗಣಿಯಲ್ಲಿ ಅಷ್ಟೊಂದು ಧಾತುಗಳು ಹೇಗೆ ಸಿಕ್ಕವು, ಅಲ್ಲಿ ಯಾವ ಯಾವ ಖನಿಜಗಳಿದ್ದವು ಎಂದು ಈ ಸಲ ಮಕ್ಕಳು ಕೇಳಿದರು. ಅದು ಪೆಗ್ಮಟೈಟ್ (ತುಂಬಾ ದೊಡ್ಡ ಹರಳುಗಳಿರುವ, ಗ್ರಾನೈಟ್ ಜಾತಿಯ ಕಲ್ಲು) ಗಣಿ ಎಂದು ಓದಿದ್ದೇನೆ. ಬೆಂಗಳೂರಿನ ಸುತ್ತ ಆ ಕಲ್ಲು ಇದೆಯೇ? ಒಬ್ಬ ವಿದ್ಯಾರ್ಥಿ ಮಾಗಡಿ ಕಡೆಯ ತನ್ನ ಅಜ್ಜಿಯ ಹೊಲದಿಂದ ಒಂದು ಭಾರವಾದ ಕಪ್ಪು ಕಲ್ಲು ತಂದಿದ್ದಾನೆ. ಬಿಳಿ ಕಲ್ಲಿನ ನಡುವೆ ಕೂತಿತ್ತಂತೆ. ಅದೇನೆಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇವೆ. ಯಿಟರ್ಬಿ ಯಾವ ಲೋಹಕ್ಕಾಗಿಯೂ ತೋಡಿದ ಗಣಿಯಲ್ಲ. ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್‌ಗಾಗಿ (ಗ್ರಾನೈಟಿನಲ್ಲಿ ಕಾಣುವ ಬಿಳಿ ಅಥವಾ ಗುಲಾಬಿ ಖನಿಜ) ತೋಡಿದ್ದು. ಅಲ್ಲಿ ಬೇಡದ ಕಲ್ಲಾಗಿ ಹೊರಬಂದ ಒಂದು ಕಪ್ಪು ಖನಿಜದೊಳಗೆ ಹತ್ತಾರು ಧಾತುಗಳು ಒಂದನ್ನೊಂದು ಬಿಡದೆ ಕೂಡಿಕೊಂಡಿದ್ದವು. ಅವನ್ನು ಒಂದೊಂದಾಗಿ ಬಿಡಿಸಲು 1794ರಿಂದ 1907ರವರೆಗೆ, ಅಂದರೆ 113 ವರ್ಷ ಹಿಡಿಯಿತು. ಗಣಿ ಅಷ್ಟು ಶ್ರೀಮಂತವಾಗಿತ್ತು ಎನ್ನುವುದಕ್ಕಿಂತ, ಆ ಧಾತುಗಳು ರಾಸಾಯನಿಕವಾಗಿ ಬೇರ್ಪಡಿಸಲಾಗದಷ್ಟು ಒಂದೇ ಥರ ಇದ್ದವು ಎನ್ನುವುದೇ ಈ ಕಥೆಯ ತಿರುಳು. ತರಗತಿಯಲ್ಲಿ ಹೇಳುವಾಗ ಇಲ್ಲಿಂದಲೇ ಶುರು ಮಾಡಿದರೆ ಒಳ್ಳೆಯದು.

ಯಿಟರ್ಬಿ ಇರುವುದು ಸ್ಟಾಕ್‌ಹೋಮ್ ಬಳಿಯ ದ್ವೀಪಸಮೂಹದ ರೆಸಾರೊ ದ್ವೀಪದಲ್ಲಿ, ವ್ಯಾಕ್ಸ್‌ಹೋಮ್ ಪಟ್ಟಣಕ್ಕೆ ಹತ್ತಿರ. 17ನೇ ಶತಮಾನದಲ್ಲಿ ಅಲ್ಲಿಂದ ಕಬ್ಬಿಣದ ಕುಲುಮೆಗಳಿಗೆ ಬೆಣಚುಕಲ್ಲು ಹೋಗುತ್ತಿತ್ತು. 18ನೇ ಶತಮಾನದ ಕೊನೆಯ ಹೊತ್ತಿಗೆ ಪಿಂಗಾಣಿ ಕಾರ್ಖಾನೆಗಳು ಫೆಲ್ಡ್‌ಸ್ಪಾರ್ ಕೇಳತೊಡಗಿದವು. ಗಣಿ ನೀರಿನ ದಡದಲ್ಲೇ ಇದ್ದದ್ದರಿಂದ ಒಡೆದ ಕಲ್ಲನ್ನು ನೇರವಾಗಿ ಹಡಗಿಗೆ ತುಂಬಬಹುದಿತ್ತು. ಅಗ್ಗದ, ತೂಕದ ಸರಕಿಗೆ ಸಾಗಣೆಯೇ ಮುಖ್ಯ ಖರ್ಚು. ಒಳನಾಡಿನಲ್ಲಿ ಇಂತಹದೇ ಕಲ್ಲು ಇದ್ದರೂ ಅದನ್ನು ಯಾರೂ ಕೇಳುತ್ತಿರಲಿಲ್ಲ.

ಫೆಲ್ಡ್‌ಸ್ಪಾರ್ ಯಾಕೆ ಬೇಕಿತ್ತು ಎನ್ನುವುದು ಮುಂದಿನ ಕಥೆಗೆ ಮುಖ್ಯ. ಗಟ್ಟಿ ಪಿಂಗಾಣಿಯ ಹದ ಸ್ಥೂಲವಾಗಿ ಅರ್ಧ ಕೆಯೋಲಿನ್ ಜೇಡಿಮಣ್ಣು, ಕಾಲು ಭಾಗ ಫೆಲ್ಡ್‌ಸ್ಪಾರ್, ಕಾಲು ಭಾಗ ಬೆಣಚುಕಲ್ಲಿನ ಪುಡಿ. ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಸುಮಾರು 1,150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗಿ, ಗಾಜಿನಂತಾಗಿ ಉಳಿದ ಕಣಗಳನ್ನೆಲ್ಲ ಬೆಸೆಯುತ್ತದೆ. ಇದಕ್ಕೆ ದೊಡ್ಡ ಶತ್ರು ಕಬ್ಬಿಣ. ಕರಿ ಅಭ್ರಕದ (ಬಯೊಟೈಟ್) ಒಂದು ಚೂರೋ ಮ್ಯಾಗ್ನೆಟೈಟಿನ ಕಾಳೋ ಒಳಗೆ ಉಳಿದರೆ ಸುಟ್ಟ ಬಿಳಿ ಬಟ್ಟಲಿನ ಮೇಲೆ ಕಂದು ಚುಕ್ಕೆ ಏಳುತ್ತದೆ. ಮಲ್ಲೇಶ್ವರದ ಕಾರ್ಖಾನೆಯಲ್ಲಿ ವಿದ್ಯುತ್ ಲೈನುಗಳಿಗೆ ಪಿಂಗಾಣಿ ಇನ್ಸುಲೇಟರ್ ಮಾಡುತ್ತಿದ್ದವರಿಗೂ ಇದೇ ಚಿಂತೆ ಇತ್ತು. ಹಾಗಾಗಿ ಫೆಲ್ಡ್‌ಸ್ಪಾರ್ ಗಣಿಯಲ್ಲಿ ಸಿಡಿಸಿ ತೆಗೆದ ಬಂಡೆಯನ್ನು ಸುತ್ತಿಗೆಯಿಂದ ಒಡೆದು, ಕೈಯಲ್ಲೇ ಆರಿಸಿ, ಕಪ್ಪಾಗಿ ಕಂಡದ್ದನ್ನೆಲ್ಲ ಪಕ್ಕಕ್ಕೆ ಹಾಕಬೇಕಿತ್ತು. ಸಾಮಾನ್ಯ ಗ್ರಾನೈಟಿನಲ್ಲೂ ಇವೇ ಖನಿಜಗಳಿವೆ, ಆದರೆ ಕಾಳುಗಳು ಕೆಲವೇ ಮಿಲಿಮೀಟರ್; ಕೈಯಲ್ಲಿ ಆರಿಸಲಾಗದು. ಪೆಗ್ಮಟೈಟಿನಲ್ಲಿ ಒಂದೊಂದು ಹರಳೂ ಕನಿಷ್ಠ ಒಂದು ಸೆಂಟಿಮೀಟರಿನಿಂದ ಹಿಡಿದು ಮೀಟರುಗಟ್ಟಲೆ ಇರುತ್ತದೆ. ಪೆಗ್ಮಟೈಟಿಗೆ ಬೆಲೆ ಬಂದದ್ದು ಈ ಗಾತ್ರದಿಂದ. ಕಪ್ಪು ಖನಿಜ ಕಣ್ಣಿಗೆ ಬಿದ್ದದ್ದೂ ಹೀಗೆ ಬೇಡದ್ದನ್ನು ಆರಿಸಿ ತೆಗೆಯುವ ಕೆಲಸದಿಂದಲೇ.

ಹರಳುಗಳು ಅಷ್ಟು ದೊಡ್ಡದಾಗುವುದು ಹೇಗೆ? ನಿಧಾನವಾಗಿ ತಣ್ಣಗಾದರೆ ದೊಡ್ಡ ಹರಳು, ಬೇಗ ತಣ್ಣಗಾದರೆ ಸಣ್ಣ ಹರಳು ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಬಸಾಲ್ಟ್ ಮತ್ತು ಗ್ರಾನೈಟ್‌ಗಳನ್ನು ಹೋಲಿಸುವಾಗ ಅದು ಸರಿ, ಪೆಗ್ಮಟೈಟಿಗೆ ಹೊಂದುವುದಿಲ್ಲ. ಎಷ್ಟೋ ಪೆಗ್ಮಟೈಟುಗಳು ತೆಳುವಾದ ಪಟ್ಟಿಗಳು. ಸುತ್ತಲಿನ ತಣ್ಣನೆಯ ಬಂಡೆಯೊಳಗೆ ನುಗ್ಗಿದ ಅವು ದೊಡ್ಡ ಗ್ರಾನೈಟ್ ರಾಶಿಗಿಂತ ಎಷ್ಟೋ ಬೇಗ ಆರಿರಲೇಬೇಕು. ಇಲ್ಲಿ ಕೆಲಸ ಮಾಡುವುದು ಬೇರೆ ಕಾರಣ. ಗ್ರಾನೈಟ್ ದ್ರವ ಗಟ್ಟಿಯಾಗುತ್ತಾ ಬಂದಂತೆ ಫೆಲ್ಡ್‌ಸ್ಪಾರ್, ಬೆಣಚುಕಲ್ಲು, ಅಭ್ರಕಗಳು ತಮಗೆ ಬೇಕಾದ ಧಾತುಗಳನ್ನು ತೆಗೆದುಕೊಂಡು ಹರಳಾಗುತ್ತವೆ. ಕೊನೆಗೆ ಉಳಿಯುವ ದ್ರವದಲ್ಲಿ ನೀರು, ಫ್ಲೋರಿನ್, ಬೋರಾನ್, ಲಿಥಿಯಂ ಮುಂತಾದವು ಸೇರಿಕೊಳ್ಳುತ್ತವೆ. ಇವು ದ್ರವದ ಕರಗುವ ಬಿಂದುವನ್ನು ಇಳಿಸಿ, ಅದನ್ನು ತೆಳ್ಳಗೆ ಮಾಡಿ, ಹೊಸ ಹರಳುಬೀಜಗಳು ಹುಟ್ಟದಂತೆ ತಡೆಯುತ್ತವೆ. ಬೀಜಗಳು ಕೆಲವೇ ಕೆಲವು. ಅವುಗಳತ್ತ ಧಾತುಗಳು ಸರಾಗವಾಗಿ ಹರಿದು ಬರುತ್ತವೆ. ಹುಟ್ಟಿದ ಕೆಲವೇ ಹರಳುಗಳು ಬೃಹತ್ತಾಗಿ ಬೆಳೆಯುತ್ತವೆ. ಅಮೆರಿಕದ ದಕ್ಷಿಣ ಡಕೋಟಾದ ಎಟಾ ಗಣಿಯಲ್ಲಿ ಸಿಕ್ಕ ಸ್ಪೊಡ್ಯುಮಿನ್ (ಲಿಥಿಯಂ ಇರುವ ಖನಿಜ) ಹರಳು 14 ಮೀಟರಿಗೂ ಉದ್ದವಿತ್ತು.

ಅದೇ ಕೊನೆಯ ದ್ರವದಲ್ಲಿ ಇನ್ನೊಂದು ಗುಂಪೂ ಉಳಿದಿರುತ್ತದೆ: ಯಾವ ಸಾಮಾನ್ಯ ಹರಳಿನೊಳಗೂ ಜಾಗ ಸಿಗದ ಧಾತುಗಳು. ಯಿಟ್ರಿಯಂ ಅಯಾನಿನ ವಿದ್ಯುದಂಶ +3, ತ್ರಿಜ್ಯ ಸುಮಾರು 90 ಪಿಕೊಮೀಟರ್. ಫೆಲ್ಡ್‌ಸ್ಪಾರಿನಲ್ಲಿ ಪೊಟ್ಯಾಸಿಯಂ ಕೂರುವ ಜಾಗಕ್ಕೆ ಅದು ತೀರಾ ಚಿಕ್ಕದು, ಸಿಲಿಕಾನಿನ ಜಾಗಕ್ಕೆ ತೀರಾ ದೊಡ್ಡದು. ನಯೋಬಿಯಂ, ಟ್ಯಾಂಟಲಂ, ಯುರೇನಿಯಂ, ಥೋರಿಯಂ, ಬೆರಿಲಿಯಂಗಳಿಗೂ ಹೀಗೆಯೇ ಒಂದಲ್ಲ ಒಂದು ಅಡ್ಡಿ. ಇವೆಲ್ಲ ಕೊನೆಯವರೆಗೂ ದ್ರವದಲ್ಲೇ ಉಳಿದು, ಬೇರೆ ದಾರಿಯಿಲ್ಲದೆ ತಮ್ಮದೇ ಖನಿಜ ಕಟ್ಟಿಕೊಳ್ಳುತ್ತವೆ. ಯಿಟರ್ಬಿಯಲ್ಲಿ ಇದು ನಡೆದದ್ದು ಸುಮಾರು 180 ಕೋಟಿ ವರ್ಷಗಳ ಹಿಂದೆ.

ಈಗ ಆ ಕಪ್ಪು ಕಲ್ಲಿನ ವಿಷಯ. 1787ರಲ್ಲಿ ಸೇನಾಧಿಕಾರಿ ಕಾರ್ಲ್ ಆಕ್ಸೆಲ್ ಅರೇನಿಯಸ್ ಯಿಟರ್ಬಿಯಲ್ಲಿ ಅಸಾಧಾರಣ ತೂಕದ ಒಂದು ಕಪ್ಪು ಖನಿಜ ಕಂಡ. (ನಿಮ್ಮ ಪಠ್ಯದ ಅರೇನಿಯಸ್ ಸಮೀಕರಣದ ಸ್ವಾಂಟೆ ಅರೇನಿಯಸ್ ಬೇರೆ, ಆತ ಹುಟ್ಟಿದ್ದು 1859ರಲ್ಲಿ. ಮಕ್ಕಳು ಗೊಂದಲ ಮಾಡಿಕೊಳ್ಳುವುದು ಖಚಿತ.) ತೂಕ ನೋಡಿ ಅದರಲ್ಲಿ ಆಗಷ್ಟೇ ಬೆಳಕಿಗೆ ಬಂದಿದ್ದ ಟಂಗ್‌ಸ್ಟನ್ ಇರಬಹುದೆಂದು ಆತ ಊಹಿಸಿದ. ಊಹೆ ತಪ್ಪಾಗಿತ್ತು, ಆದರೆ ತೂಕವನ್ನು ಗಮನಿಸಿದ್ದು ಸರಿಯಾಗಿತ್ತು. ಇಂದಿಗೂ ಪೆಗ್ಮಟೈಟಿನಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ. 1794ರಲ್ಲಿ ಫಿನ್ಲೆಂಡಿನ ಓಬು ನಗರದ ರಸಾಯನಶಾಸ್ತ್ರಜ್ಞ ಯೋಹಾನ್ ಗ್ಯಾಡೊಲಿನ್ ಅದನ್ನು ವಿಶ್ಲೇಷಿಸಿದ. ಆತ ಕೊಟ್ಟ ಲೆಕ್ಕ: ಸಿಲಿಕಾ ಶೇ. 31, ಅಲ್ಯುಮಿನಾ ಶೇ. 19, ಕಬ್ಬಿಣದ ಆಕ್ಸೈಡ್ ಶೇ. 12, ಇದುವರೆಗೆ ಯಾರೂ ಕಾಣದ ಹೊಸ ‘ಮಣ್ಣು’ ಶೇ. 38. ಆ ಹೊಸ ಆಕ್ಸೈಡಿಗೆ ಯಿಟ್ರಿಯಾ ಎಂದು ಹೆಸರಾಯಿತು, ಖನಿಜಕ್ಕೆ ಮುಂದೆ ಗ್ಯಾಡೊಲಿನೈಟ್ ಎಂದು.

ಈ ಲೆಕ್ಕವನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ಇಂದಿನ ಸೂತ್ರದೊಂದಿಗೆ ಹೋಲಿಸಿ ನೋಡಿ, ತುಂಬ ಸ್ವಾರಸ್ಯವಾಗಿದೆ. ಗ್ಯಾಡೊಲಿನೈಟಿನ ಒಂದು ಸೂತ್ರ ಘಟಕದಲ್ಲಿ ಯಿಟ್ರಿಯಂ 2, ಕಬ್ಬಿಣ 1, ಬೆರಿಲಿಯಂ 2, ಸಿಲಿಕಾನ್ 2, ಆಕ್ಸಿಜನ್ 10 ಪರಮಾಣುಗಳಿವೆ. ಲೆಕ್ಕ ಹಾಕಿದರೆ ಯಿಟ್ರಿಯಂ ಆಕ್ಸೈಡ್ ಶೇ. 48.3, ಸಿಲಿಕಾ ಶೇ. 25.7, ಕಬ್ಬಿಣದ ಆಕ್ಸೈಡ್ ಶೇ. 15.4, ಬೆರಿಲಿಯಂ ಆಕ್ಸೈಡ್ ಶೇ. 10.7 ಬರುತ್ತದೆ. ಅಲ್ಯುಮಿನಿಯಂ ಇಲ್ಲವೇ ಇಲ್ಲ! ಗ್ಯಾಡೊಲಿನ್ ಅಲ್ಯುಮಿನಾ ಎಂದು ಬರೆದದ್ದು ವಾಸ್ತವವಾಗಿ ಬೆರಿಲಿಯಂ ಆಕ್ಸೈಡ್. ಎರಡರ ಹೈಡ್ರಾಕ್ಸೈಡುಗಳೂ ಕಾಸ್ಟಿಕ್ ಸೋಡಾದಲ್ಲಿ ಕರಗುತ್ತವೆ, ಯಿಟ್ರಿಯಂನದು ಕರಗುವುದಿಲ್ಲ. ಹಾಗಾಗಿ ಯಿಟ್ರಿಯಂ ಬೇರೆಯಾಯಿತು, ಬೆರಿಲಿಯಂ ಅಲ್ಯುಮಿನಿಯಂನ ವೇಷದಲ್ಲಿ ಉಳಿದುಕೊಂಡಿತು. 1798ರಲ್ಲಿ ಫ್ರಾನ್ಸಿನ ವೋಕ್ಲಾ ಬೆರಿಲಿಯಂ ಆಕ್ಸೈಡನ್ನು ಪ್ರತ್ಯೇಕವೆಂದು ತೋರಿಸಿದ ಮೇಲೆ ಸ್ವೀಡನ್ನಿನ ಎಕೆಬೆರ್ಗ್ ಈ ಖನಿಜದಲ್ಲೂ ಅದಿದೆ ಎಂದು ಕಂಡ. ಅದೇ ಎಕೆಬೆರ್ಗ್ 1802ರಲ್ಲಿ ಯಿಟರ್ಬಿಯ ಇನ್ನೊಂದು ಕಪ್ಪು ಖನಿಜವಾದ ಯಿಟ್ರೊಟ್ಯಾಂಟಲೈಟ್ ಮತ್ತು ಫಿನ್ಲೆಂಡಿನ ಟ್ಯಾಂಟಲೈಟ್‌ಗಳಿಂದ ಟ್ಯಾಂಟಲಂ ಕಂಡುಹಿಡಿದ.

ಯಿಟ್ರಿಯಾ ಶುದ್ಧ ಪದಾರ್ಥ ಎಂದೇ ಸುಮಾರು ಅರ್ಧ ಶತಮಾನ ಎಲ್ಲರೂ ನಂಬಿದ್ದರು. 1843ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಮೊಸಾಂಡರ್ ಅದರ ಆಮ್ಲ ದ್ರಾವಣಕ್ಕೆ ಅಮೋನಿಯಾವನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವೇ ಸೇರಿಸಿ, ಪ್ರತಿ ಹಂತದಲ್ಲಿ ಕೆಳಗಿಳಿದ ಒತ್ತರವನ್ನು ಬೇರೆ ಬೇರೆ ತೆಗೆದ. ಪ್ರತ್ಯಾಮ್ಲ ಗುಣ ಕಡಿಮೆ ಇರುವುದು ಮೊದಲು ಒತ್ತರಿಸುತ್ತದೆ, ಹೆಚ್ಚಿರುವುದು ಕೊನೆಗೆ. ಒಂದು ಹಳದಿ ಆಕ್ಸೈಡ್, ಗುಲಾಬಿ ಛಾಯೆಯ ಲವಣ ಕೊಡುವ ಇನ್ನೊಂದು, ಕೊನೆಗೆ ಬಿಳಿಯ ಯಿಟ್ರಿಯಾ, ಹೀಗೆ ಮೂರಾಯಿತು. ಆತ ಹಳದಿಯದಕ್ಕೆ ಎರ್ಬಿಯಾ, ಗುಲಾಬಿಯದಕ್ಕೆ ಟರ್ಬಿಯಾ ಎಂದಿದ್ದ. ಮುಂದಿನ ದಶಕಗಳ ಗೊಂದಲದಲ್ಲಿ ಎರಡೂ ಹೆಸರು ಅದಲುಬದಲಾದವು. ಇಂದು ಗುಲಾಬಿ ಲವಣ ಕೊಡುವುದು ಎರ್ಬಿಯಂ. ಹಳೆಯ ಬರಹ ಓದುವಾಗ ಇದು ನೆನಪಿರಲಿ. ಆಮೇಲೆ ಒಂದರ ಹೊಟ್ಟೆಯಿಂದ ಇನ್ನೊಂದು ಬರತೊಡಗಿತು. 1878ರಲ್ಲಿ ಮರಿನ್ಯಾಕ್ ಎರ್ಬಿಯಾದಿಂದ ಯಿಟರ್ಬಿಯಂ ತೆಗೆದ. 1879ರಲ್ಲಿ ನಿಲ್ಸನ್ ಯೂಕ್ಸೆನೈಟ್ ಮತ್ತು ಗ್ಯಾಡೊಲಿನೈಟ್ ಖನಿಜಗಳಿಂದ ಸ್ಕ್ಯಾಂಡಿಯಂ ಪಡೆದ. ಮೆಂಡಲೀವ್ 1871ರಲ್ಲೇ ಇದರ ಗುಣಗಳನ್ನು ಎಕಾ-ಬೋರಾನ್ ಎಂಬ ಹೆಸರಿನಲ್ಲಿ ಮುಂಚಿತವಾಗಿ ಹೇಳಿದ್ದ. 1879ರಲ್ಲೇ ಕ್ಲೀವೆ ಎರ್ಬಿಯಾದಲ್ಲಿ ಹೋಲ್ಮಿಯಂ, ಥುಲಿಯಂ ಕಂಡ. 1886ರಲ್ಲಿ ಬ್ವಾಬೊದ್ರಾನ್ ಹೋಲ್ಮಿಯಂನಿಂದ ಡಿಸ್ಪ್ರೋಸಿಯಂ ಬಿಡಿಸಿದ. 1907ರಲ್ಲಿ ಉರ್ಬೇನ್ ಯಿಟರ್ಬಿಯಂ ಎಂದುಕೊಂಡಿದ್ದದ್ದನ್ನೇ ಸೀಳಿ ಲುಟೆಟಿಯಂ ತೋರಿಸಿದ.

ಇಷ್ಟು ಕಷ್ಟ ಯಾಕೆ? ಈ ಧಾತುಗಳೆಲ್ಲ +3 ಅಯಾನುಗಳಾಗುತ್ತವೆ. ಲ್ಯಾಂಥನಂನಿಂದ ಲುಟೆಟಿಯಂವರೆಗೆ ಎಲೆಕ್ಟ್ರಾನುಗಳು ಒಳಗಿನ 4ಎಫ್ ಕವಚಕ್ಕೆ ಸೇರುವುದರಿಂದ ಹೊರಗಿನ ವರ್ತನೆ ಬದಲಾಗುವುದೇ ಇಲ್ಲ ಎನ್ನಬಹುದು. ತ್ರಿಜ್ಯ ಮಾತ್ರ 103 ಪಿಕೊಮೀಟರಿನಿಂದ 86ಕ್ಕೆ ಮೆಲ್ಲಗೆ ಕುಗ್ಗುತ್ತದೆ. ಅಕ್ಕಪಕ್ಕದ ಎರಡರ ನಡುವೆ ವ್ಯತ್ಯಾಸ ಒಂದೆರಡು ಪಿಕೊಮೀಟರ್ ಅಷ್ಟೇ. ಯಿಟ್ರಿಯಂ ಆವರ್ತಕ ಕೋಷ್ಟಕದಲ್ಲಿ ಮೇಲಿನ ಸಾಲಿನಲ್ಲಿದ್ದರೂ ಅದರ ತ್ರಿಜ್ಯ 90.0, ಹೋಲ್ಮಿಯಂನದು 90.1. ಲ್ಯಾಂಥನೈಡ್ ಕುಗ್ಗುವಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ: ಯಿಟ್ರಿಯಂ ಖನಿಜದಲ್ಲಿ ಭಾರದ ಲ್ಯಾಂಥನೈಡುಗಳೇ ಯಾಕೆ ತುಂಬಿಕೊಂಡಿರುತ್ತವೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಇನ್ನೊಂದು ತೊಡಕು ಪ್ರಮಾಣದ್ದು. ಬೆಸ ಪರಮಾಣು ಸಂಖ್ಯೆಯವು ಅಕ್ಕಪಕ್ಕದ ಸಮ ಸಂಖ್ಯೆಯವಕ್ಕಿಂತ ನಿಸರ್ಗದಲ್ಲಿ ಕಡಿಮೆ. ಹಾಗಾಗಿ ಟರ್ಬಿಯಂ (65), ಹೋಲ್ಮಿಯಂ (67), ಥುಲಿಯಂ (69), ಲುಟೆಟಿಯಂ (71) ಪ್ರತಿಯೊಂದೂ ತನ್ನ ನೆರೆಯ ಧಾತುವಿನ ಮರೆಯಲ್ಲಿ ಅಡಗಿದ್ದವು. ಅಮೆರಿಕದ ಚಾರ್ಲ್ಸ್ ಜೇಮ್ಸ್ 1911ರಲ್ಲಿ ಶುದ್ಧ ಥುಲಿಯಂ ಲವಣಕ್ಕಾಗಿ ಬ್ರೋಮೇಟನ್ನು ಸುಮಾರು 15,000 ಸಲ ಮರುಹರಳುಗೊಳಿಸಬೇಕಾಯಿತು. ಇನ್ನೂ ಎಷ್ಟು ಧಾತುಗಳು ಬಾಕಿ ಇವೆ ಎನ್ನುವುದು 1913ರಲ್ಲಿ ಮೋಸ್ಲಿ ಎಕ್ಸ್-ರೇಯಿಂದ ಪರಮಾಣು ಸಂಖ್ಯೆ ಅಳೆಯುವ ತನಕ ಯಾರಿಗೂ ಖಚಿತವಿರಲಿಲ್ಲ.

ಎಲ್ಲ ರೇರ್ ಅರ್ಥ್ ಧಾತುಗಳೂ (ಸ್ಕ್ಯಾಂಡಿಯಂ, ಯಿಟ್ರಿಯಂ ಮತ್ತು ಲ್ಯಾಂಥನೈಡುಗಳು) ಯಿಟರ್ಬಿಯಿಂದಲೇ ಬಂದವು ಎಂದು ಕೆಲವೆಡೆ ಓದುತ್ತೀರಿ. ಅದು ಸರಿಯಲ್ಲ. ಹಗುರ ಗುಂಪಿನ ಸೀರಿಯಂ, ಲ್ಯಾಂಥನಂಗಳ ಮೂಲ ಸ್ವೀಡನ್ನಿನದೇ ಬಾಸ್ಟ್‌ನೆಸ್ ಎಂಬ ಇನ್ನೊಂದು ಗಣಿ, ಅದು ಪೆಗ್ಮಟೈಟೂ ಅಲ್ಲ. ಗ್ಯಾಡೊಲಿನಿಯಂ ಮೊದಲು ಕಂಡದ್ದು ಸಮರ್‌ಸ್ಕೈಟ್ ಎಂಬ ಖನಿಜದ ಅಧ್ಯಯನದಲ್ಲಿ. ಗ್ಯಾಡೊಲಿನೈಟಿನಲ್ಲಿ ಗ್ಯಾಡೊಲಿನಿಯಂ ತೀರಾ ಕಡಿಮೆ. ಪರೀಕ್ಷೆಯಲ್ಲಿ ಕೇಳಲು ತಕ್ಕ ಪ್ರಶ್ನೆ.

ಇನ್ನು ಯಿಟರ್ಬಿಯ ಖನಿಜಗಳು. ಗಣಿಯ ಬಹುಪಾಲು ಕೆಂಪು ಛಾಯೆಯ ಮೈಕ್ರೊಕ್ಲೈನ್ ಫೆಲ್ಡ್‌ಸ್ಪಾರ್, ಬಿಳಿಯ ಪ್ಲೇಜಿಯೊಕ್ಲೇಸ್, ಬೆಣಚುಕಲ್ಲು, ಮತ್ತು ಉದ್ದುದ್ದ ಹಾಳೆಗಳಾಗಿ ಚಾಚಿದ ಬಯೊಟೈಟ್. ಅಪರೂಪದ ಖನಿಜಗಳು ಹೆಚ್ಚಾಗಿ ಈ ಕರಿ ಅಭ್ರಕದ ಹಾಳೆಗಳ ಮಗ್ಗುಲಲ್ಲೇ ಸಿಕ್ಕಿವೆ. ಗ್ಯಾಡೊಲಿನೈಟ್ ಕಪ್ಪು, ಗಾಜಿನ ಹೊಳಪು, ಒಡೆದರೆ ಚಿಪ್ಪಿನಂತೆ ಬಾಗಿದ ಮೈ, ಗಡಸುತನ 6.5ರಿಂದ 7, ಸಾಪೇಕ್ಷ ಸಾಂದ್ರತೆ 4ರಿಂದ 4.7. ಅದರ ಮೇಲೆ ಬಿಳಿ ಹೊಟ್ಟಿನಂತೆ ಕೂರುವುದು ಟೆಂಗೆರೈಟ್ ಎಂಬ ಯಿಟ್ರಿಯಂ ಕಾರ್ಬೊನೇಟ್, ಗ್ಯಾಡೊಲಿನೈಟ್ ಶಿಥಿಲವಾಗಿ ಆದದ್ದು. ಯಿಟ್ರೊಟ್ಯಾಂಟಲೈಟ್ ಮತ್ತು ಫರ್ಗುಸೊನೈಟ್ ಯಿಟ್ರಿಯಂ ಜೊತೆ ಟ್ಯಾಂಟಲಂ, ನಯೋಬಿಯಂ ಇರುವ ಆಕ್ಸೈಡುಗಳು, ಇನ್ನೂ ಭಾರ. ಇವಲ್ಲದೆ ಅಲನೈಟ್, ಕ್ಸೆನೊಟೈಮ್, ಜಿರ್ಕಾನ್, ಫ್ಲೂರೈಟ್, ಮ್ಯಾಗ್ನೆಟೈಟ್.

ಇವುಗಳಲ್ಲಿ ಹಲವಕ್ಕೆ ಒಂದು ವಿಚಿತ್ರ ಗುಣವಿದೆ. ಹೊರಗಿನಿಂದ ಹರಳಿನ ಆಕಾರ, ಒಳಗೆ ಗಾಜು. ಯಿಟ್ರಿಯಂನ ಜಾಗದಲ್ಲಿ ಸೇರಿಕೊಂಡ ಅಲ್ಪಸ್ವಲ್ಪ ಯುರೇನಿಯಂ, ಥೋರಿಯಂ ಕೋಟ್ಯಂತರ ವರ್ಷ ಆಲ್ಫಾ ಕಣ ಹೊರಸೂಸುತ್ತಾ ಹರಳಿನ ಜೋಡಣೆಯನ್ನೇ ಕೆಡಿಸಿರುತ್ತವೆ. ಇದನ್ನು ಮೆಟಾಮಿಕ್ಟ್ ಸ್ಥಿತಿ ಎನ್ನುತ್ತಾರೆ. ಹೀಗೆ ಕೆಟ್ಟ ಖನಿಜ ಉಬ್ಬುತ್ತದೆ, ಸುತ್ತಲಿನ ಫೆಲ್ಡ್‌ಸ್ಪಾರ್ ನಕ್ಷತ್ರದಂತೆ ಬಿರುಕು ಬಿಡುತ್ತದೆ. ಮೆಟಾಮಿಕ್ಟ್ ಗ್ಯಾಡೊಲಿನೈಟನ್ನು ಕಾಯಿಸಿದರೆ ಒಂದು ಹಂತದಲ್ಲಿ ಕೂಡಿಟ್ಟ ಶಕ್ತಿ ಬಿಟ್ಟು ಥಟ್ಟನೆ ಬೆಳಗಿ ಮತ್ತೆ ಹರಳಾಗುತ್ತದೆ. ಇದನ್ನು ಕಾಲೇಜಿನ ಲ್ಯಾಬಿನಲ್ಲಿ ಮಾಡಿ ತೋರಿಸುವ ಆಸೆ ಬೇಡ. ಬೆರಿಲಿಯಂ ಇರುವ ದೂಳು ಶ್ವಾಸಕೋಶಕ್ಕೆ ನಿಜಕ್ಕೂ ಅಪಾಯ.

ಗಣಿ 1933ರಲ್ಲಿ ಮುಚ್ಚಿತು. ಶೀತಲ ಸಮರದ ವರ್ಷಗಳಲ್ಲಿ ಸ್ವೀಡನ್ನಿನ ಸೇನೆ ಅದರ ಪೊಳ್ಳನ್ನು ಇಂಧನ ಸಂಗ್ರಹಕ್ಕೆ ಬಳಸಿತು. ಈಚಿನ ವರ್ಷಗಳಲ್ಲಿ ಅಲ್ಲಿನ ಸುರಂಗದ ಗೋಡೆಯಲ್ಲಿ ಜಿನುಗುವ ನೀರಿನೊಂದಿಗೆ ಬರುವ ಮ್ಯಾಂಗನೀಸ್ ಆಕ್ಸೈಡಿನ ಕಪ್ಪು ಕೆಸರಿನಲ್ಲಿ ರೇರ್ ಅರ್ಥ್ ಧಾತುಗಳು ಹೇರಳವಾಗಿ ಸೇರಿರುವುದು ಕಂಡುಬಂದಿದೆ. ಅದು ಸೂಕ್ಷ್ಮಜೀವಿಗಳ ಕೆಲಸ. ಗಣಿಯ ಜಾಗ ಸಂರಕ್ಷಿತ, ಕಲ್ಲು ಆರಿಸಿಕೊಂಡು ಬರುವಂತಿಲ್ಲ. ಸ್ಟಾಕ್‌ಹೋಮಿನಲ್ಲಿ ಕೆಲಸಕ್ಕಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳಿಗೂ ಇದನ್ನು ತಿಳಿಸಿ.

ನಮ್ಮ ಕಡೆಗೆ ಬರೋಣ. ಬೆಂಗಳೂರು ಕೂತಿರುವುದು ಪೆನಿನ್ಸುಲಾರ್ ನೈಸ್ ಎಂಬ ಬಂಡೆಯ ಮೇಲೆ. ಲಾಲ್‌ಬಾಗಿನ ಬಂಡೆ ಅದೇ, ಸುಮಾರು 300 ಕೋಟಿ ವರ್ಷ ಹಳೆಯದು. ರಾಮನಗರ, ಸಾವನದುರ್ಗ, ಮಾಗಡಿ ಸೀಮೆಯಲ್ಲಿ ಅದನ್ನು ಸೀಳಿಕೊಂಡು ಮೇಲೆ ಬಂದದ್ದು ಕ್ಲೋಸ್‌ಪೇಟ್ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ಎರಡರಲ್ಲೂ ಪೆಗ್ಮಟೈಟ್ ಪಟ್ಟಿಗಳಿವೆ, ಹಲವು ಒಂದು ಗೇಣಿಗಿಂತ ಅಗಲವಿಲ್ಲ. ಕ್ವಾರಿಗಳಲ್ಲಿ ಇವುಗಳ ಮೇಲೆ ಪ್ರೀತಿಯಿಲ್ಲ, ಯಾಕೆಂದರೆ ಚಪ್ಪಡಿ ಕೊಯ್ಯುವಾಗ ದೊಡ್ಡ ಫೆಲ್ಡ್‌ಸ್ಪಾರ್ ಹರಳು ತನ್ನ ಸೀಳುಮೈಗುಂಟ ಎದ್ದು ಬರುತ್ತದೆ, ಅಭ್ರಕ ಇರುವ ಕಡೆ ಪಾಲಿಶ್ ನಿಲ್ಲುವುದಿಲ್ಲ. ಜಿಗಣಿಯ ಪಾಲಿಶಿಂಗ್ ಘಟಕಗಳ ಹೊರಗೆ ಬಿದ್ದಿರುವ ತಿರಸ್ಕೃತ ಚಪ್ಪಡಿಗಳೇ ನಿಮ್ಮ ಮಕ್ಕಳಿಗೆ ಒಳ್ಳೆಯ ಪಾಠ. ಲಾಲ್‌ಬಾಗಿನಲ್ಲಿ ಕಣ್ಣಿಂದ ನೋಡಿದರೆ ಸಾಕು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತಿಗೆ ತಾಗಿಸಬಾರದು. ಒಂದು ಎಚ್ಚರಿಕೆ: ಕ್ಲೋಸ್‌ಪೇಟ್ ಗ್ರಾನೈಟಿನಲ್ಲಿ ಹೆಬ್ಬೆರಳಿನಷ್ಟು ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಇರುವುದರಿಂದ ಹೊಸಬರು ಅದನ್ನೇ ಪೆಗ್ಮಟೈಟ್ ಎಂದುಕೊಳ್ಳುತ್ತಾರೆ. ದೊಡ್ಡ ಹರಳುಗಳ ನಡುವಿನ ಜಾಗ ನೋಡಿ. ಅಲ್ಲಿ ಸಣ್ಣ ಕಾಳುಗಳಿದ್ದರೆ ಗ್ರಾನೈಟ್; ಎಲ್ಲವೂ ದೊಡ್ಡವೇ ಆಗಿದ್ದರೆ ಪೆಗ್ಮಟೈಟ್.

ಕರ್ನಾಟಕದಲ್ಲಿ ಈಗ ಹೆಸರಾಗಿರುವ ಪೆಗ್ಮಟೈಟ್ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ನ ಪ್ರದೇಶದ್ದು. ಅಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂಬ ಪ್ರಾಥಮಿಕ ಅಂದಾಜನ್ನು ಕೇಂದ್ರ ಸರ್ಕಾರ 2021ರಲ್ಲಿ ತಿಳಿಸಿತು. ಅದು ಯಿಟರ್ಬಿಯ ಜಾತಿಯದಲ್ಲ. ಪೆಗ್ಮಟೈಟುಗಳಲ್ಲಿ ಸ್ಥೂಲವಾಗಿ ಎರಡು ಕುಲ: ಲಿಥಿಯಂ, ಸೀಸಿಯಂ, ಟ್ಯಾಂಟಲಂ ಸೇರುವುದು ಒಂದು, ನಯೋಬಿಯಂ, ಯಿಟ್ರಿಯಂ, ಫ್ಲೋರಿನ್ ಸೇರುವುದು ಇನ್ನೊಂದು. ಮಂಡ್ಯದ್ದು ಮೊದಲನೆಯದು, ಅಲ್ಲಿನ ಮುಖ್ಯ ಖನಿಜ ಸ್ಪೊಡ್ಯುಮಿನ್. ಯಿಟರ್ಬಿಯದು ಎರಡನೆಯದು. ಮಂಡ್ಯದಲ್ಲಿ ಲಿಥಿಯಂ ಸಿಕ್ಕಿತೆಂದು ಮಾಗಡಿಯಲ್ಲಿ ಯಿಟ್ರಿಯಂ ನಿರೀಕ್ಷಿಸಲು ಅದು ಕಾರಣವಾಗದು.

ಕೊನೆಗೆ ಆ ಹುಡುಗನ ಕಲ್ಲು. ಒಡೆಯುವುದು, ಅರೆಯುವುದು, ಆಮ್ಲ ಹಾಕುವುದು ಯಾವುದೂ ಬೇಡ. ಮೊದಲು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ನೀರಿನಲ್ಲಿ ತೊಳೆದು ಒಣಗಿಸಿ ಮೈಯನ್ನು ನೋಡಿ. ಗುಳ್ಳೆ ಗುಳ್ಳೆಯಾಗಿ, ಹರಿದು ಹೆಪ್ಪುಗಟ್ಟಿದಂತೆ ಇದ್ದರೆ ಅದು ಕಬ್ಬಿಣದ ಕಿಟ್ಟ. ಮಾಗಡಿ ಸೀಮೆಯಲ್ಲಿ ಹಿಂದೆ ಕಬ್ಬಿಣ ಕರಗಿಸುತ್ತಿದ್ದರು, ಕಿಟ್ಟ ಹೊಲಗಳಲ್ಲಿ ಸಿಗುವುದು ಸಹಜ. ಆದರೆ ಬಿಳಿ ಕಲ್ಲಿನೊಳಗೆ ಕೂತಿತ್ತು ಎಂದಿದ್ದೀರಿ, ಹಾಗಾಗಿ ಖನಿಜವೇ ಇರಬೇಕು. ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹತ್ತಿರ ತನ್ನಿ. ಗಟ್ಟಿಯಾಗಿ ಸೆಳೆದರೆ ಮ್ಯಾಗ್ನೆಟೈಟ್, ವಿಚಾರ ಅಲ್ಲಿಗೆ ಮುಗಿಯಿತು. ಉಗುರಿನಿಂದ ಹಾಳೆ ಏಳುವಂತಿದ್ದರೆ ಕರಿ ಅಭ್ರಕ, ನಮ್ಮ ಹಳ್ಳಿಗಳ ಕಾಗೆ ಬಂಗಾರದ ಕಪ್ಪು ಬಗೆ.

ನಂತರ ಸಾಂದ್ರತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಅರ್ಧ ನೀರು ತುಂಬಿದ ಅಗಲ ಬಾಯಿಯ ಲೋಟ ಇಟ್ಟು ಅಂಕಿಯನ್ನು ಸೊನ್ನೆ ಮಾಡಿ. ಕಲ್ಲನ್ನು ಹೊಲಿಗೆ ದಾರಕ್ಕೆ ಕಟ್ಟಿ, ಲೋಟದ ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಕೈಯಲ್ಲಿ ಹಿಡಿಯಿರಿ. ಈಗ ತೋರುವ ಗ್ರಾಂ ಸಂಖ್ಯೆಯೇ ಕಲ್ಲಿನ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ಒಣ ತೂಕವನ್ನು ಅದರಿಂದ ಭಾಗಿಸಿ. 130 ಗ್ರಾಂ ಕಲ್ಲು 42 ತೋರಿಸಿದರೆ 3.1, ಅದು ಟೂರ್ಮಲೀನ್ ಅಥವಾ ಹಾರ್ನ್‌ಬ್ಲೆಂಡ್ ಇರಬಹುದು. 31 ತೋರಿಸಿದರೆ 4.2, ಆಗ ಕುತೂಹಲ ಪಡಲು ಕಾರಣವಿದೆ. ತಕ್ಕಡಿಯ ಒಂದು ಗ್ರಾಂ ತಪ್ಪು ಇಲ್ಲಿ ಉತ್ತರವನ್ನು 4.1ರಿಂದ 4.3ರವರೆಗೆ ಓಡಾಡಿಸುತ್ತದೆ, ಆದ್ದರಿಂದ 50 ಗ್ರಾಮಿಗಿಂತ ಸಣ್ಣ ಚೂರಿನಲ್ಲಿ ಈ ಲೆಕ್ಕ ನಂಬಬೇಡಿ. ಕಲ್ಲು ತಳಕ್ಕೆ ತಾಗಿದರೆ ಅಂಕಿ ಏರಿ ಸಾಂದ್ರತೆ ಕಡಿಮೆ ಬರುತ್ತದೆ. ಗಾಳಿಗುಳ್ಳೆ ಅಂಟಿಕೊಂಡರೂ ಹಾಗೆಯೇ. ಫೆಲ್ಡ್‌ಸ್ಪಾರ್ ಅಂಟಿಕೊಂಡಿರುವುದು ಇನ್ನೂ ದೊಡ್ಡ ತೊಂದರೆ: 5.2 ಸಾಂದ್ರತೆಯ ಕೊಲಂಬೈಟಿಗೆ (ನಯೋಬಿಯಂ ಇರುವ ಕಪ್ಪು ಖನಿಜ) ಗಾತ್ರದಲ್ಲಿ ಕಾಲು ಭಾಗ ಫೆಲ್ಡ್‌ಸ್ಪಾರ್ ಸೇರಿದರೆ ಉತ್ತರ 4.5ರ ಆಸುಪಾಸಿಗೆ ಇಳಿದು ಗ್ಯಾಡೊಲಿನೈಟಿನಂತೆ ಕಾಣಿಸುತ್ತದೆ.

ಬಣ್ಣದ ಗೆರೆ ನೋಡಲು ಬಚ್ಚಲುಮನೆ ಟೈಲಿನ ಹಿಂಬದಿಯ ಹೊಳಪಿಲ್ಲದ ಮೈಗೆ ಕಲ್ಲಿನ ಮೂಲೆಯನ್ನು ಒಮ್ಮೆ ಎಳೆಯಿರಿ. ಬಿಳಿಯ ಪಿಂಗಾಣಿ ಟೈಲೇ ಬೇಕು, ಕೆಂಪು ಮಣ್ಣಿನದು ಬೇಡ. ಕಡು ಕೆಂಪು-ಕಂದು ಅಥವಾ ಕಪ್ಪು ಗೆರೆ ಬಂದು ಸಾಂದ್ರತೆ 5 ದಾಟಿದರೆ ಕೊಲಂಬೈಟ್ ಸಾಧ್ಯತೆ. ಬೂದು-ಕಂದು ಗೆರೆ, 3.5ರಿಂದ 4.2 ಸಾಂದ್ರತೆ ಇದ್ದರೆ ಅಲನೈಟ್. ಯಿಟರ್ಬಿಯ ಪಟ್ಟಿಯಲ್ಲಿರುವ ಖನಿಜಗಳ ಪೈಕಿ ನಮ್ಮ ಗ್ರಾನೈಟ್ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಗೆರೆ ಬೂದು-ಹಸಿರಾದರೆ ಮಾತ್ರ ಗ್ಯಾಡೊಲಿನೈಟನ್ನು ಯೋಚಿಸಬೇಕು. ಟೂರ್ಮಲೀನ್ ಟೈಲಿಗಿಂತ ಗಡಸು. ಅದು ಟೈಲನ್ನೇ ಗೀರಿ ಬಿಳಿ ಪುಡಿ ಎಬ್ಬಿಸುತ್ತದೆ, ಅದನ್ನು ಕಲ್ಲಿನ ಗೆರೆ ಎಂದುಕೊಳ್ಳಬೇಡಿ. ಕೈಗೆ ಅಂಟಿದ ಪುಡಿಯನ್ನು ಸೋಪು ಹಾಕಿ ತೊಳೆಯಿರಿ.

ಇದೆಲ್ಲಕ್ಕಿಂತ ಹೆಚ್ಚು ಹೇಳುವುದು ಕಲ್ಲು ಕೂತಿದ್ದ ಜಾಗ. ಕಪ್ಪು ಖನಿಜದ ಸುತ್ತ ಫೆಲ್ಡ್‌ಸ್ಪಾರ್ ಕೆಂಪು-ಕಂದಾಗಿದೆಯೇ, ನಕ್ಷತ್ರದಂತೆ ಬಿರುಕುಗಳಿವೆಯೇ, ಪಕ್ಕದ ಬೆಣಚುಕಲ್ಲು ಹೊಗೆಬಣ್ಣಕ್ಕೆ ತಿರುಗಿದೆಯೇ ಎಂದು ಹುಡುಗನನ್ನು ಕೇಳಿ. ಈ ಮೂರೂ ವಿಕಿರಣದ ಗುರುತುಗಳು. ಹೌದೆಂದರೆ ಆ ಕಲ್ಲನ್ನು ಮಲಗುವ ಕೋಣೆಯಲ್ಲೋ ಮಕ್ಕಳ ಬ್ಯಾಗಿನಲ್ಲೋ ಇಡದೆ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಜನ ಕೂರದ ಕಡೆ ಇಡಿ. ಮೊಬೈಲ್ ಕ್ಯಾಮೆರಾದಿಂದ ವಿಕಿರಣ ಅಳೆಯುವ ಆ್ಯಪ್‌ಗಳನ್ನು ಇಷ್ಟು ಮಂದ ಆಕರಕ್ಕೆ ನಂಬುವಂತಿಲ್ಲ. ಗೈಗರ್ ಕೌಂಟರೇ ಬೇಕು.

ಸಾಮಾನ್ಯ ಗುರುತಿಸುವಿಕೆಗೆ ಜ್ಞಾನಭಾರತಿಯ ಭೂವಿಜ್ಞಾನ ವಿಭಾಗ ಅಥವಾ ಕುಮಾರಸ್ವಾಮಿ ಬಡಾವಣೆಯ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಕಚೇರಿಯನ್ನು ಕೇಳಬಹುದು. ವಿಕಿರಣದ ಅನುಮಾನವಿದ್ದರೆ ನಾಗರಬಾವಿಯಲ್ಲಿರುವ ಪರಮಾಣು ಖನಿಜ ನಿರ್ದೇಶನಾಲಯದ ಪ್ರಾದೇಶಿಕ ಕಚೇರಿಯೇ ಸರಿಯಾದ ಜಾಗ. ಯುರೇನಿಯಂ ಅಥವಾ ಥೋರಿಯಂ ಇರುವುದು ಗೊತ್ತಾದರೆ ಮೂರು ತಿಂಗಳೊಳಗೆ ಕೇಂದ್ರ ಸರ್ಕಾರಕ್ಕೆ ಲಿಖಿತವಾಗಿ ತಿಳಿಸಬೇಕೆಂದು 1962ರ ಪರಮಾಣು ಶಕ್ತಿ ಕಾಯ್ದೆ ಹೇಳುತ್ತಿತ್ತು; ಈಗಿನ ನಿಯಮವನ್ನು ಅದೇ ಕಚೇರಿಯಲ್ಲಿ ಕೇಳಿಕೊಳ್ಳಿ. ಕಲ್ಲಿನ ಜೊತೆ ಒಂದು ಚೀಟಿ ಇಡಿ: ಊರು, ಸರ್ವೆ ನಂಬರ್, ಫೋನಿನಲ್ಲಿ ತೆಗೆದ ಅಕ್ಷಾಂಶ ರೇಖಾಂಶ, ಬಿಳಿ ಪಟ್ಟಿ ಎಷ್ಟು ಅಗಲ, ಯಾವ ದಿಕ್ಕಿಗೆ ಹೋಗಿದೆ, ಕಲ್ಲು ಬಂಡೆಯಲ್ಲೇ ಅಂಟಿತ್ತೋ ಮಣ್ಣಿನಲ್ಲಿ ಬಿದ್ದಿತ್ತೋ, ಮತ್ತು ಅಳತೆಗೋಲು ಪಕ್ಕದಲ್ಲಿಟ್ಟು ತೆಗೆದ ಒಂದು ಫೋಟೊ. ಸುತ್ತಲಿನ ಬಿಳಿ ಕಲ್ಲಿನ ಒಂದು ಮುಷ್ಟಿ ತುಂಡನ್ನೂ ಬೇರೆ ಪೊಟ್ಟಣದಲ್ಲಿ ಕಟ್ಟಿ ಕಳಿಸಿ. ಅದಿಲ್ಲದೆ ಬಂದ ಒಂಟಿ ಕಪ್ಪು ಕಲ್ಲಿನ ಬಗ್ಗೆ ಯಾವ ಭೂವಿಜ್ಞಾನಿಯೂ ಹೆಚ್ಚು ಹೇಳಲಾರರು.